ಬರ್ತೀನಿ ಅಂದವರ ಪಾಲಿನ ರಟ್ಟು

ನಮ್ಮ ಮನೆಯ ಮಿಡಿ ಉಪ್ಪಿನಕಾಯಿ ಜಾಡಿಯ ಮೇಲೆ ಈಗ ‘ನಮ್ಮ ಮತ ನಮ್ಮ ಹಕ್ಕು’ ಎಂದು ಬರೆದಿದೆ. ಜಾಡಿಯ ಮುಚ್ಚಳ ಒಡೆದು ಬಹಳ ದಿನವಾಗಿತ್ತು, ಅಳತೆಗೆ ಸರಿಯಾದದ್ದು ಸಿಕ್ಕಿರಲಿಲ್ಲ. ನಮ್ಮನೆಯವರು ಒಂದು ರಟ್ಟನ್ನು ಅದರ ಮೇಲೆ ಇಟ್ಟು, ಮೇಲೊಂದು ಗುಂಡುಕಲ್ಲು ಹೇರಿ, “ನೋಡು, ಹೇಗೆ ಕೂತಿದೆ!” ಎಂದು ತಾವೇ ಮೆಚ್ಚಿಕೊಂಡರು. ಬಟ್ಟೆ ಒಗೆಯುವ ಮೆಷಿನ್ನಿನ ಒಂದು ಕಾಲಿನ ಕೆಳಗೆ ‘ಚುನಾವಣೆ ನಡೆಸಿ’ ನಾಲ್ಕು ಮಡಿಕೆಯಾಗಿ ಸೇರಿಕೊಂಡಿದೆ. ಮೆಷಿನ್ನು ಮೊದಲಿನಂತೆ ಕುಣಿಯುವುದಿಲ್ಲ. ಇನ್ನೊಂದನ್ನು ಅವರು ತೊಡೆಯ ಮೇಲಿಟ್ಟುಕೊಂಡು ಪತ್ರಿಕೆಯ ಪದಬಂಧ ಬಿಡಿಸುತ್ತಾರೆ. ಪ್ರಜಾಪ್ರಭುತ್ವದಿಂದ ಸಂಸಾರಕ್ಕೆ ಇಷ್ಟೊಂದು ಅನುಕೂಲವಿದೆ ಎಂದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ.

ಇಷ್ಟು ರಟ್ಟು ನಮ್ಮ ಮನೆಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಶಿವಮೊಗ್ಗದ ವಿನೋಬನಗರದ ಸಭ್ಯ ಜನರ ಬಾಯಿಂದ ಬಂತು.

ನಮ್ಮ ವಾರ್ಡಿಗೆ ಆಯ್ಕೆಯಾದ ಸದಸ್ಯರು ಅಂತ ಯಾರೂ ಇಲ್ಲದೆ ಬಹಳ ಕಾಲವಾಯಿತು. ಚುನಾವಣೆ ಯಾವಾಗ ಎಂದರೆ ಮುಂದೆ. ಮುಂದೆ ಎಂದರೆ ಯಾವಾಗ ಎಂದರೆ ನೋಡೋಣ. ಬೀದಿ ದೀಪ ಕೆಟ್ಟರೆ, ಚರಂಡಿ ಕಟ್ಟಿಕೊಂಡರೆ ಬೈಯುವುದಕ್ಕೂ ಒಬ್ಬ ಮನುಷ್ಯ ಬೇಡವೇ? ನಾವು ಕೆಲವರು ಸೇರಿ ಒಂದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಪಾರ್ಕಿನ ಮೂಲೆಯಲ್ಲಿ ಸುಮ್ಮನೆ ಕೂತು, ಒಂದು ಮನವಿಯನ್ನು ಎಲ್ಲರೆದುರು ಓದಿ, ಸೋಮವಾರ ಅದನ್ನು ಪಾಲಿಕೆ ಕಚೇರಿಗೆ ಕೊಟ್ಟು ಬರುವುದು ಎಂದು ತೀರ್ಮಾನ ಮಾಡಿದೆವು. ಘೋಷಣೆ ಇಲ್ಲ, ಮೈಕ್ ಇಲ್ಲ, ರಸ್ತೆ ತಡೆ ಇಲ್ಲ. ಠಾಣೆಯಿಂದ ಅನುಮತಿ ಇದೆ. ನಮ್ಮ ಜನಕ್ಕೆ ಕೆಲಸದ ದಿನ ಪುರುಸೊತ್ತಿರುವುದಿಲ್ಲ ಎಂದೇ ಭಾನುವಾರ ಇಟ್ಟುಕೊಂಡದ್ದು. ಜನರನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಅರ್ಧ ಬಡಾವಣೆ ನನ್ನ ಹತ್ತಿರ ಬೈಸಿಕೊಂಡೇ ಬೆಳೆದದ್ದು, ಕರೆದರೆ ಬರುತ್ತಾರೆ ಎಂಬ ಲೆಕ್ಕಾಚಾರ.

ಎರಡು ವಾರ ಮನೆಮನೆ ತಿರುಗಿದೆ. ನಲವತ್ತು ಜನ “ಬರ್ತೀನಿ” ಅಂದರು. ನಲವತ್ತು ಫಲಕ ಬರೆದೆ. ಮಿಕ್ಸಿ, ಕುಕ್ಕರ್, ಟೀವಿ ಬಂದ ಡಬ್ಬಗಳನ್ನು ಬೀದಿಯವರಿಂದಲೇ ಕೇಳಿ ತಂದು, ಕೊಯ್ದು, ಹಿಂಬದಿಯಲ್ಲಿ ನೀಲಿ ಬಣ್ಣದಲ್ಲಿ ಬರೆದೆ. ಅಕ್ಷರ ದುಂಡಗೆ ಬರಲಿ ಎಂದು ಪೆನ್ಸಿಲಿನಲ್ಲಿ ಗೆರೆ ಬೇರೆ ಎಳೆದುಕೊಂಡಿದ್ದೆ. ಮೂವತ್ತು ವರ್ಷ ವ್ಯಾಕರಣ ಹೇಳಿದ ಹೆಂಗಸಿಗೆ “ಬರ್ತೀನಿ” ಎಂಬ ಪದದ ಅರ್ಥ ಗೊತ್ತಿರಲಿಲ್ಲ ನೋಡಿ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಕೆಲಸಕ್ಕಿದ್ದರು. ಸೈರನ್ ಕೂಗಿದರೆ ನಮ್ಮ ಸಾಲಿನ ಹನ್ನೆರಡು ಮನೆಗಳಲ್ಲೂ ಒಟ್ಟಿಗೆ ಚಪ್ಪಲಿ ಸದ್ದು. ಅಪ್ಪ ಟಿಫನ್ ಕ್ಯಾರಿಯರನ್ನು ಸೈಕಲ್ಲಿಗೆ ಸಿಕ್ಕಿಸಿ “ಬರ್ತೀನಿ” ಅಂದು ಹೋಗುತ್ತಿದ್ದರು. ನನಗೆ ಐದೋ ಆರೋ ವರ್ಷ ಇದ್ದಾಗ ಸ್ಕೂಲಿಗೆ ಹೊರಟವಳು ಬಾಗಿಲಲ್ಲಿ “ಅಮ್ಮಾ, ಹೋಗ್ತೀನಿ” ಅಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ತಲೆಗೊಂದು ಮೊಟಕಿ, “ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ನು” ಅಂದಳು. “ಹೋಗ್ತಾ ಇದೀನಲ್ಲಮ್ಮ?” “ಹೋಗ್ತಾ ಇದ್ರೂ ಬರ್ತೀನಿ ಅನ್ಬೇಕು.” ಹೀಗೆ ಸುಳ್ಳಿನ ಮೊದಲ ಪಾಠ ನನಗೆ ಹೊಸ್ತಿಲಲ್ಲೇ ಆಯಿತು.

ಪಕ್ಕದ ಮನೆಯ ತಮಿಳಿನವರು “ಪೋಯಿಟ್ಟು ವರೇನ್” ಅನ್ನುತ್ತಿದ್ದರು. ಮೂಲೆಮನೆಯ ತೆಲುಗಿನವರು “ವೆಳ್ಳೊಸ್ತಾ” ಅನ್ನುತ್ತಿದ್ದರು. ಎರಡಕ್ಕೂ ಹೋಗಿ ಬರುತ್ತೇನೆ ಎಂದೇ ಅರ್ಥ. ಅವರು ಹೋಗುವುದನ್ನೂ ಮರ್ಯಾದೆಯಾಗಿ ಒಪ್ಪಿಕೊಳ್ಳುತ್ತಿದ್ದರು. ನಮ್ಮಲ್ಲೂ “ಹೋಗಿಬರ್ತೀನಿ” ಇದೆಯಲ್ಲ ಎಂದು ನೀವು ಜಗಳಕ್ಕೆ ಬರಬೇಡಿ. ಇದೆ. ಆದರೆ ನಾವು ಅವಸರದ ಜನ, ಅದರ ತಲೆ ಕತ್ತರಿಸಿ ಬಾಲವನ್ನಷ್ಟೇ ಇಟ್ಟುಕೊಂಡೆವು. ಈಗ ಶಿವಮೊಗ್ಗದಲ್ಲಿ ಯಾರಾದರೂ “ಬರ್ತೀನಿ” ಅಂದರೆ ಅವರು ಎದ್ದು ಹೋಗುತ್ತಿದ್ದಾರೆ ಎಂದರ್ಥ. ಇಷ್ಟು ಸರಳವಾದದ್ದನ್ನು ನಲವತ್ತು ಸಲ ಕೇಳಿಯೂ ನಾನು ತಿಳಿದುಕೊಳ್ಳಲಿಲ್ಲ.

ಆ ನಲವತ್ತರಲ್ಲಿ ಮೊದಲನೆಯವರು ನಮ್ಮ ಎದುರುಮನೆ ನರಹರಿರಾಯರು. ಕಾಲೇಜಿನಲ್ಲಿ ಸಂಸ್ಕೃತ ಹೇಳಿದವರು, ಕಂಠ ಇನ್ನೂ ಗಟ್ಟಿ. ಬೆಳಗಿನ ವಾಕಿಂಗಿನಲ್ಲಿ ಅವರ ಸುತ್ತ ನಾಲ್ಕಾರು ಜನ ಇದ್ದೇ ಇರುತ್ತಾರೆ. “ಪ್ರಜೆಗಳೇ ಮಲಗಿಬಿಟ್ಟಿದಾರ್ರೀ ಈ ದೇಶದಲ್ಲಿ! ಯಾರಿಗೂ ಬೆನ್ನುಮೂಳೆ ಇಲ್ಲ!” ಎಂದು ಅವರು ಪಾರ್ಕಿನ ಆ ತುದಿಯಲ್ಲಿ ಅಂದರೆ ಈ ತುದಿಯಲ್ಲಿ ನಮಗೆ ಕೇಳುತ್ತದೆ. ನಾನು ವಿಷಯ ಹೇಳಿದಾಗ ಕುರ್ಚಿಯಿಂದ ಎದ್ದೇ ನಿಂತರು.

“ಭೇಷ್! ಇದು ಯಾವಾಗ್ಲೋ ಆಗ್ಬೇಕಿತ್ತು ಸುಮಿತ್ರಮ್ಮ. ನಾನು ಮೊದಲನೇ ಸಾಲಲ್ಲಿ ಕೂತಿರ್ತೀನಿ, ನೋಡ್ತಾ ಇರಿ.”

“ಸಂತೋಷ ರಾಯರೇ.”

“ಒಂದು ಕುರ್ಚಿ ಇರತ್ತಲ್ವಾ? ನೆಲದ ಮೇಲೆ ಅಂದ್ರೆ ಮಂಡಿ ಕೇಳಲ್ಲ.”

“ನಮ್ಮನೇದೇ ತರ್ತೀನಿ.”

“ನೆರಳಲ್ಲಿ ಹಾಕ್ಸಿ. ಹತ್ತು ಗಂಟೆ ಬಿಸಿಲು ಒಳ್ಳೇದಲ್ಲ. ಬರ್ತೀನಿ, ಬಂದೇ ಬರ್ತೀನಿ.”

ಟ್ಯೂಷನ್ ನಡೆಸುವ ರೇಖಾ ನನ್ನ ಹಳೆಯ ವಿದ್ಯಾರ್ಥಿನಿ. “ಮಿಸ್, ನೀವು ಕರೆದು ನಾನು ಬರ್ದೇ ಇರ್ತೀನಾ?” ಅಂದಳು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು “ಮನೇಲಿ ಕೇಳಿ ಹೇಳ್ತೀನಿ ಮೇಡಂ, ಹೆಚ್ಚುಕಮ್ಮಿ ಬರ್ತೀವಿ ಅಂತ್ಲೇ ಇಟ್ಕೊಳ್ಳಿ” ಅಂದರು. ಮನೆಯಲ್ಲಿ ಅವರ ಹೆಂಡತಿ “ಡಾಕ್ಟ್ರನ್ನ ಕೇಳಿ ಹೇಳ್ತೀನಿ, ಬರ್ತೀವಿ ಬಿಡಿ” ಅಂದರು. ನನಗೆ ತಿಳಿದ ಮಟ್ಟಿಗೆ ಇಬ್ಬರೂ ಈಗಲೂ ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಒಬ್ಬರು ಯಾವ ಪಾರ್ಟಿ ಎಂದು ಕೇಳಿದರು. ಯಾವ ಪಾರ್ಟಿಯೂ ಅಲ್ಲ ಅಂದೆ. “ಪಾರ್ಟಿ ಇಲ್ದೆ ಜನ ಯಾಕೆ ಬರ್ತಾರೆ ಮಾರಾಯ್ತಿ? ತಿಂಡಿ ಯಾರು ಕೊಡ್ತಾರೆ?” ಎಂದು ನಿಜವಾಗಿ ಮರುಗಿದರು. ಮರುಗಿ, “ಬರ್ತೀನಿ” ಅಂದರು. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳುಗಳೂ ಮುಗಿದ ಕೈಗಳೂ ರಾಶಿ ಬಿದ್ದವು. ಕೈ ಮುಗಿದರೆ ಸಾಗಹಾಕುವುದು ಎಂದೂ ಅರ್ಥವಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಒಬ್ಬರಾದರೂ “ಬರಲ್ಲ” ಅಂದರೇ? ಅನ್ನಲಿಲ್ಲ. ಆ ಪದ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಮುಖದ ಮೇಲೆ ಇಲ್ಲ ಅನ್ನುವುದು ಅಸಭ್ಯತೆ. ನಂಬಿಸಿ ಒಬ್ಬರನ್ನು ಬೀದಿಯಲ್ಲಿ ಕೂರಿಸುವುದು ಸಭ್ಯತೆ.

ನಲವತ್ತನೆಯವರು ನಮ್ಮನೆಯವರೇ. ಅವರೇನೂ ವಿರೋಧ ಮಾಡಲಿಲ್ಲ. ರಟ್ಟು ಕೊಯ್ಯಲು ಬ್ಲೇಡು ಹುಡುಕಿಕೊಟ್ಟರು. ಭಾನುವಾರ ಬೆಳಿಗ್ಗೆ ಫಲಕಗಳನ್ನೂ ಊಟದ ಮೇಜಿನ ಒಂದು ಕುರ್ಚಿಯನ್ನೂ ಆಟೋಗೆ ಹತ್ತಿಸಿದರು. ಹತ್ತಿಸಿ, “ನೀನು ಮುಂದೆ ಹೋಗಿರು, ನಾನು ಹಿಂದೇನೇ ಬರ್ತೀನಿ. ಫ್ರಿಜ್ ರಿಪೇರಿಯವನು ಬರ್ತೀನಿ ಅಂದಿದಾನೆ” ಅಂದರು.

ಹತ್ತು ಗಂಟೆಗೆ ಪಾರ್ಕಿನ ಮೂಲೆಯಲ್ಲಿ ನಾವಿದ್ದದ್ದು ಆರು ಜನ. ಬಟ್ಟೆ ಹೊಲಿಯುವ ನಸೀಮಾ, ರಿಟೈರಾದ ನರ್ಸ್ ಒಬ್ಬರು, ಇಬ್ಬರು ಕಾಲೇಜು ಹುಡುಗಿಯರು, ನಾನು, ಅಂದರೆ ತೀರ್ಮಾನ ಮಾಡಿದ ನಾವೇ. ಆರನೆಯವರು ಹೊಸಮನೆ ಬಡಾವಣೆಯಿಂದ ಬಂದ ಒಬ್ಬ ಹಿರಿಯರು. ಜಮಖಾನೆ ಹಾಸಿದ್ದು ನೋಡಿ ಉಚಿತ ಬೀಪಿ ತಪಾಸಣೆ ಇರಬೇಕೆಂದು ಬಂದು ತೋಳು ಮಡಿಸಿಕೊಂಡು ಕೂತರು. ವಿಷಯ ತಿಳಿದ ಮೇಲೆ ಸ್ವಲ್ಪ ಯೋಚಿಸಿ, “ಆಗ್ಲಿ, ಕೂತಾಯ್ತಲ್ಲ” ಎಂದು ಫಲಕ ಕೇಳಿ ತೆಗೆದುಕೊಂಡರು. ಆ ದಿನ ನನಗೆ ಸಿಕ್ಕಿದ ಅತ್ಯಂತ ಪ್ರಾಮಾಣಿಕ ಮನುಷ್ಯ ಅವರೇ.

ನಲವತ್ತು ಜನ ಎಂದು ಠಾಣೆಯಲ್ಲಿ ಬರೆದುಕೊಟ್ಟಿದ್ದೆನಲ್ಲ, ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕಳಿಸಿದ್ದರು. ಆರು ಜನರನ್ನು ಇಬ್ಬರು ನಿಯಂತ್ರಿಸಬೇಕಾಗಿ ಬಂತು. ಅವರಲ್ಲಿ ಸಣ್ಣ ವಯಸ್ಸಿನವನು ಹತ್ತಿರ ಬಂದು ಮೆಲ್ಲಗೆ, “ಮೇಡಂ, ಬೇಜಾರ್ ಮಾಡ್ಕೋಬೇಡಿ. ನಾವಿಬ್ರೂ ಕೂತ್ಕೊಂಡ್ರೆ ಎಂಟಾಗತ್ತೆ, ಆದ್ರೆ ಡ್ಯೂಟಿ” ಅಂದ.

ನಾನು ಫೋನು ಹಿಡಿದೆ. ಆಗ ಕನ್ನಡದ ಇನ್ನೊಂದು ಮಹಿಮೆ ಬೆಳಕಿಗೆ ಬಂತು. ಎರಡು ವಾರ “ಬರ್ತೀನಿ” ಅಂದವರೆಲ್ಲ ಈಗ “ಬಂದೆ” ಅನ್ನತೊಡಗಿದರು. “ಬಂದೆ ಮೇಡಂ, ದಾರೀಲಿದೀನಿ” ಅಂದವರ ಹಿಂದೆ ಕುಕ್ಕರು ಕೂಗುತ್ತಿತ್ತು. “ಬಂದ್ಬಿಟ್ಟೆ ಅಂದ್ಕೊಳ್ಳಿ” ಎಂದರು ಇನ್ನೊಬ್ಬರು. ಅಂದುಕೊಳ್ಳುವುದಾದರೆ ನಾನು ಮನೆಯಲ್ಲಿ ಕೂತೇ ಅಂದುಕೊಳ್ಳುತ್ತಿದ್ದೆ. ರೇಖಾ ಬಹಳ ನೊಂದುಕೊಂಡಳು. “ಮಿಸ್, ಹತ್ತನೇ ಕ್ಲಾಸಿನವ್ರಿಗೆ ಸ್ಪೆಷಲ್ ಕ್ಲಾಸ್ ಇಟ್ಟಿದೀನಿ, ಡೆಮಾಕ್ರಸಿ ಚಾಪ್ಟರ್ ಬಾಕಿ ಉಳಿದುಬಿಟ್ಟಿತ್ತು, ಇವತ್ತೇ ಮುಗಿಸ್ಬೇಕು.” ಮುಗಿಸಮ್ಮ, ಎಂದು ಹರಸಿದೆ. ವಾಟ್ಸಾಪಿನಲ್ಲಿ ಒಬ್ಬರು ಲೈವ್ ಲಿಂಕ್ ಕಳಿಸಿ ಎಂದು ಕೇಳಿದ್ದರು. ನರಹರಿರಾಯರು ಫೋನು ಎತ್ತಲಿಲ್ಲ. ಅವರ ಕುರ್ಚಿ ಮೊದಲನೇ ಸಾಲಿನಲ್ಲಿ, ನೆರಳಿನಲ್ಲಿ, ಖಾಲಿ ಇತ್ತು. ನಮ್ಮನೆಯವರು ಮಾತ್ರ ಮೊದಲ ರಿಂಗಿಗೇ ಎತ್ತಿ, “ಬಂದೆ ಕಣೇ. ಆ ಫ್ರಿಜ್ಜಿನವನು ಈಗ ಬರ್ತೀನಿ ಅಂದ, ಅವನು ಬಂದ್ ಕೂಡ್ಲೇ ಬಂದೆ” ಅಂದರು. ಫ್ರಿಜ್ಜಿನವನೂ ಶಿವಮೊಗ್ಗದವನೇ. ಅವನು ಇವತ್ತಿನವರೆಗೂ ಬಂದಿಲ್ಲ.

ಒಮ್ಮೆ ಎಂಟನೇ ತರಗತಿಯಲ್ಲಿ ಕಾಲಗಳ ಪಾಠ ಮಾಡುತ್ತಿದ್ದೆ. ಬಂದೆನು ಭೂತಕಾಲ, ಬರುತ್ತೇನೆ ವರ್ತಮಾನ, ಬರುವೆನು ಭವಿಷ್ಯತ್ತು. ಬಂದೇನು ಎಂದರೆ ಬಂದರೂ ಬರಬಹುದು, ಸಂಭಾವನೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, “ಮಿಸ್, ಅಮ್ಮ ಕರೆದ್ರೆ ನಾನು ಬಂದೆ ಅಂತೀನಿ. ಆದ್ರೆ ಬಂದಿರಲ್ಲ, ಆಡ್ತಾನೇ ಇರ್ತೀನಿ. ಅದು ಯಾವ ಕಾಲ?” ಅಂದಳು. ತರಗತಿಯೆಲ್ಲ ನಕ್ಕಿತು. “ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೋ” ಅಂದೆ. ಉತ್ತರ ಗೊತ್ತಿಲ್ಲದ ಮೇಷ್ಟರುಗಳು ಹಾಗೆಯೇ ಹೇಳುವುದು. ಪಾರ್ಕಿನ ಮೂಲೆಯಲ್ಲಿ ಜಮಖಾನೆಯ ಮೇಲೆ ಕೂತಾಗ ಆ ಹುಡುಗಿಯ ಕ್ಷಮೆ ಕೇಳಬೇಕು ಅನ್ನಿಸಿತು.

ನಾನು ಹೀಗೆ ಊರಿಗೆಲ್ಲ ಉಗಿಯುತ್ತಿದ್ದೇನೆ, ನೀವು ತಲೆದೂಗುತ್ತಿದ್ದೀರಿ. ನನ್ನದೊಂದು ಹಳೆಯ “ಬರ್ತೀನಿ” ಇದೆ. ಅದನ್ನು ಹೇಳದೆ ಮುಂದೆ ಹೋದರೆ ನಾನೂ ಆ ನಲವತ್ತರ ಪೈಕಿಯೇ ಆಗುತ್ತೇನೆ.

ಪಕ್ಕದ ಮನೆಯ ತಮಿಳಿನವರು ಅಂದೆನಲ್ಲ, ಅವರ ಮಗಳು ತಂಗಮಣಿ. ನನ್ನ ವಯಸ್ಸಿನವಳೇ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ನಾನು ಗೋಡೆ ತಟ್ಟಿದರೆ ಆ ಕಡೆಯಿಂದ “ಬಂದೆ!” ಎಂದು ಕೂಗುತ್ತಿದ್ದಳು, ಕೂಗು ಮುಗಿಯುವುದರೊಳಗೆ ಬಾಗಿಲಲ್ಲಿ ಇರುತ್ತಿದ್ದಳು. ಅವಳ “ಬಂದೆ” ಮಾತ್ರ ವ್ಯಾಕರಣಬದ್ಧ ಭೂತಕಾಲ. ಕಾರ್ಖಾನೆಯ ಗೇಟಿನ ಹತ್ತಿರ ಕಾರ್ಮಿಕರ ಸಭೆ ನಡೆದರೆ ನಮ್ಮಿಬ್ಬರನ್ನೂ ಅಪ್ಪ ಸೈಕಲ್ಲಿನ ಹಿಂದೆ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಒಬ್ಬರು ಸ್ಟೂಲಿನ ಮೇಲೆ ನಿಂತು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಕೋಪಗೊಂಡು ತೆಲುಗಿನಲ್ಲಿ ಮುಗಿಸುತ್ತಿದ್ದರು. ಯಾರೂ ಯಾರ ಮನೆಗೂ ಹೋಗಿ ಕರೆದದ್ದು ನನಗೆ ನೆನಪಿಲ್ಲ. ಸೈರನ್ ಆಗುತ್ತಿತ್ತು, ಜನ ಬಂದು ನಿಂತಿರುತ್ತಿದ್ದರು. ನಮಗೆ ಕಡಲೆಕಾಯಿ ಸಿಗುತ್ತಿತ್ತು. ಕೈ ಎತ್ತಿ ಎಂದಾಗ ನಾವೂ ಎತ್ತುತ್ತಿದ್ದೆವು, ಯಾವುದಕ್ಕೆ ಎಂದು ಗೊತ್ತಿಲ್ಲದಿದ್ದರೂ. ಅವಳು ಎರಡೂ ಕೈ ಎತ್ತುತ್ತಿದ್ದಳು.

ಅವಳು ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಸ್ವಲ್ಪವೇ. ಕನ್ನಡ ನನಗಿಂತ ಜೋರಾಗಿ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ನಾನು ಕೆಲಸ ಸಿಕ್ಕಿ ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆಗಿದ್ದಾಗ ಒಂದು ದಿನ ಬಸ್ಸು ಹತ್ತಿ ಹುಡುಕಿಕೊಂಡು ಬಂದಳು. ಅವರ ಸಾಲಿನ ಹೆಂಗಸರ ಹೆಸರುಗಳೆಲ್ಲ ಮತದಾರರ ಪಟ್ಟಿಯಿಂದ ಬಿಟ್ಟುಹೋಗಿದ್ದವು. ಎಷ್ಟು ಸಲ ಅಲೆದರೂ ಯಾರೂ ಕೇಳಿರಲಿಲ್ಲ. ಹನ್ನೊಂದು ಜನ ಹೆಂಗಸರು ಬುಧವಾರ ತಾಲ್ಲೂಕು ಕಚೇರಿಯ ಮುಂದೆ ಸುಮ್ಮನೆ ಕೂರುವುದು ಎಂದು ಗೊತ್ತುಮಾಡಿಕೊಂಡಿದ್ದರು.

“ಅರ್ಜಿ ನೀನೇ ಬರೀಬೇಕು ಸುಮಿ. ನೀನೇ ಬಂದು ಓದ್ಬೇಕು. ನಾವು ಬಾಯಲ್ಲಿ ಹೇಳಿದ್ರೆ ಜಗಳ ಮಾಡೋಕ್ ಬಂದ್ರು ಅಂತಾರೆ. ಓದಿದ್ರೆ ಕೇಳ್ತಾರೆ.”

ಕೂತಲ್ಲೇ ಅರ್ಜಿ ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ, ಎಲ್ಲೆಲ್ಲಿ ಅಲ್ಪವಿರಾಮ ಬೇಕೋ ಅಲ್ಲಲ್ಲಿ ಹಾಕಿ.

“ಬುಧವಾರ ಹತ್ತು ಗಂಟೆ. ಬರ್ತೀಯಲ್ಲ?”

“ಬರ್ತೀನಿ” ಅಂದೆ.

ಬುಧವಾರ ರಜೆ ಹಾಕಿ ಬಸ್ಸು ಹತ್ತಿದ್ದೂ ನಿಜ. ಭದ್ರಾವತಿ ಹತ್ತಿರವಾದಂತೆ ನನಗೆ ಕಾಣಿಸತೊಡಗಿದ್ದು ಹೆಡ್‌ಮಿಸ್ಸಿನ ಮುಖ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಯಾರಾದರೂ ನೋಡಿ ಹೇಳಿದರೆ? ಫೋಟೋ ಗೀಟೋ ಬಂದರೆ? ಕಚೇರಿಯ ಮುಂದೆಯೇ ಬಸ್ಸು ನಿಂತಿತು. ಕಿಟಕಿಯಿಂದ ಕಂಡರು. ಹತ್ತು ಜನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ತಂಗಮಣಿ ಒಬ್ಬಳು ಎದ್ದು ನಿಂತು ಅರ್ಜಿಯನ್ನು ಎದೆಗೆ ಹಿಡಿದು ಬರುವ ಬಸ್ಸುಗಳನ್ನು ನೋಡುತ್ತಿದ್ದಳು. ನಾನು ತಲೆ ಬಗ್ಗಿಸಿ ಚಪ್ಪಲಿ ಸರಿಮಾಡಿಕೊಂಡೆ. ಚಪ್ಪಲಿ ಸರಿಯಾಗಿಯೇ ಇತ್ತು. ಕಂಡಕ್ಟರ್ ಸೀಟಿ ಊದಿದ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಬಸ್ಸು ಹಿಡಿದು ಮನೆಗೆ ಬಂದೆ.

ಎರಡು ವಾರ ಬಿಟ್ಟು ಅವಳ ಮನೆಗೆ ಹೋಗಿ ಜ್ವರ ಇತ್ತು ಎಂದೆ. ಅವಳು ಕಾಫಿ ಕೊಟ್ಟಳು. “ಬರ್ತೀನಿ ಅಂದಿದ್ದೆ, ಬಂದ್ಯಲ್ಲ, ಪರ್ವಾಗಿಲ್ಲ” ಅಂದಳು. ಆಮೇಲೆ ಅವಳ ತಾಯಿ ಹೇಳಿದರು, ಸಂಜೆ ಐದರವರೆಗೂ ಅರ್ಜಿ ಕೊಡದೆ ಕಾದರಂತೆ. ಕೊಟ್ಟುಬಿಡೋಣ ಎಂದು ಉಳಿದವರು ಅಂದರೂ ಇವಳು ಬಿಡಲಿಲ್ಲವಂತೆ. ಸುಮಿ ಬರ್ತೀನಿ ಅಂದಿದಾಳೆ, ಸುಮಿ ಬಂದು ಓದ್ತಾಳೆ. ಕಚೇರಿ ಬಾಗಿಲು ಹಾಕಿದ ಮೇಲೆ ಎದ್ದರಂತೆ. ಆ ಸಲ ಆ ಸಾಲಿನ ಹೆಂಗಸರು ಯಾರೂ ಓಟು ಹಾಕಲಿಲ್ಲ.

ಅದಾದ ಮೇಲೆ ತಂಗಮಣಿ ಕನ್ನಡ ಓದಲು ಕಲಿತಳು. ಯಾರ ಹತ್ತಿರವೋ ಕಲಿತಳು. ಕನ್ನಡ ಮೇಷ್ಟ್ರಮ್ಮನಾದ ನನ್ನನ್ನು ಕೇಳಲಿಲ್ಲ. ನನಗೆ ಅದರಷ್ಟು ಅವಮಾನ ಬೇರೆ ಯಾವುದರಿಂದಲೂ ಆಗಿಲ್ಲ.

ಆದ್ದರಿಂದಲೇ ಈ ಭಾನುವಾರದ ವಿಷಯ ಅವಳಿಗೆ ಹೇಳಿರಲಿಲ್ಲ. ಹೇಳುವ ಮುಖವಿರಲಿಲ್ಲ. ಆದರೆ ವಾಟ್ಸಾಪಿನ ವಿಷಯದಲ್ಲಿ ನಾನು ದಡ್ಡಿ. ಬಡಾವಣೆಯ ಗುಂಪಿಗೆ ಕಳಿಸುವಾಗ ಬೆರಳು ಎಲ್ಲೆಲ್ಲಿ ತಾಗಿತ್ತೋ, ಫೋನಿನಲ್ಲಿದ್ದ ಅರ್ಧ ಹೆಸರುಗಳಿಗೆ ಹೋಗಿತ್ತು. ಉತ್ತರ ಏನೂ ಬಂದಿರಲಿಲ್ಲ ಅವಳಿಂದ. ಹೆಬ್ಬೆರಳಿಲ್ಲ, ಮುಗಿದ ಕೈಯಿಲ್ಲ.

ಹತ್ತೂ ಮುಕ್ಕಾಲಿಗೆ ಪಾರ್ಕಿನ ಮೂಲೆಯಲ್ಲಿ ಆಟೋ ನಿಂತಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ. ಇಳಿಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

“ಏನ್ ಡೀ ಸುಮಿ, ಬನ್ನಿ ಅಂತ ಹಾಕಿದ್ಯಲ್ಲ, ಬಂದೆ” ಅಂದಳು ತಂಗಮಣಿ.

ಅವಳು ನಮ್ಮ ವಾರ್ಡಿನವಳಲ್ಲ, ನಮ್ಮ ಊರಿನವಳೂ ಅಲ್ಲ. ನಾನು ಚೀಲ ಇಸಿದುಕೊಳ್ಳುವಷ್ಟರಲ್ಲಿ ಅವಳು ನರಹರಿರಾಯರ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡಳು. ಸುತ್ತ ನೋಡಿದಳು. ಜಮಖಾನೆಯ ಮೇಲಿನ ಐದು ಜನ, ಪಕ್ಕದಲ್ಲಿ ರಾಶಿ ಬಿದ್ದ ಫಲಕ.

“ಇಷ್ಟೊಂದ್ ಯಾರಿಗೆ?”

“ಬರ್ತೀನಿ ಅಂದವ್ರಿಗೆ.”

ಅವಳು ನಕ್ಕಳು. ನನ್ನನ್ನು ಚುಚ್ಚಲು ನಕ್ಕಳೋ ಸುಮ್ಮನೆ ನಕ್ಕಳೋ ಗೊತ್ತಾಗಲಿಲ್ಲ. ನಾನು ಮಾತ್ರ ನೆಲ ನೋಡಿದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮನವಿ ಓದಬೇಕಾಗಿತ್ತು. ಕಾಗದ ಹಿಡಿದು ಎದ್ದು ನಿಂತೆ. ‘ಇಲ್ಲಿ ಸೇರಿರುವ ನಾವೆಲ್ಲರೂ’ ಎಂಬುದು ಮೊದಲ ಸಾಲು. ಖಾಲಿ ಜಮಖಾನೆ ಕಣ್ಣಿಗೆ ಬಿತ್ತು. ಮೂರು ದಶಕ ತರಗತಿ ನಡುಗಿಸಿದ ಗಂಟಲು ಕೀರಲಾಗಿ ನಿಂತುಹೋಯಿತು. ತಂಗಮಣಿ ಕೈ ಚಾಚಿದಳು.

“ಕೊಡಿಲ್ಲಿ. ನಾನು ಓದ್ತೀನಿ.”

ಕೂತೇ ಓದಿದಳು. ಬೆರಳಿಟ್ಟುಕೊಂಡು, ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಂತು, ಮತ್ತೆ ಮುಂದಕ್ಕೆ. ‘ಪ್ರಾತಿನಿಧ್ಯ’ ಎಂಬಲ್ಲಿ ಎರಡು ಸಲ ಪ್ರಯತ್ನ ಮಾಡಿದಳು. ಅಷ್ಟು ಕಷ್ಟದ ಪದ ಹಾಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಕಾನ್‌ಸ್ಟೇಬಲ್‌ಗಳಿಬ್ಬರೂ ಟೋಪಿ ತೆಗೆದು ಹತ್ತಿರ ಬಂದು ಕೇಳಿದರು. ಬೀಪಿಯ ಹಿರಿಯರು ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಅತ್ತೆ.

ಆಟೋ ಹತ್ತಿಸುವಾಗ, “ಬರೋ ಭಾನುವಾರ ನಮ್ಮೂರಲ್ಲೂ ಕೂತ್ಕೊತಾ ಇದೀವಿ. ಅಲ್ಲೂ ಇದೇ ಕತೆ ಅಲ್ವಾ? ಹತ್ತು ಗಂಟೆ” ಅಂದಳು. ನಾನು ಬಾಯಿ ತೆರೆದೆ. ನಾಲಗೆಯ ಮೇಲೆ ಬಂದು ಕೂತಿದ್ದ ಪದವನ್ನು ನುಂಗಿ ತಲೆಯಾಡಿಸಿದೆ. ಅವಳು ಕೈಯಲ್ಲಿದ್ದ ತನ್ನ ಫಲಕವನ್ನು ಚೀಲಕ್ಕೆ ಸಿಕ್ಕಿಸಿಕೊಂಡು, “ಸರಿ, ಹೋಗ್ತೀನಿ” ಅಂದಳು. ಹೋಗ್ತೀನಿ ಅಂತಲೇ ಅಂದಳು. ನಮ್ಮಮ್ಮ ಇದ್ದಿದ್ದರೆ ಈ ವಯಸ್ಸಿನಲ್ಲೂ ಅವಳ ತಲೆಗೆ ಮೊಟಕುತ್ತಿದ್ದಳು.

ಹೀಗೆ ಉಳಿದ ಮೂವತ್ತನಾಲ್ಕು ಫಲಕಗಳು ಕುರ್ಚಿಯ ಜೊತೆ ಮನೆ ಸೇರಿದವು. ಮಾರನೆಯ ದಿನ ಮನವಿ ಕಚೇರಿಗೆ ತಲುಪಿತು. ಅಂದು ಬೆಳಗಿನ ವಾಕಿಂಗಿನಲ್ಲಿ ನರಹರಿರಾಯರು ಸಿಕ್ಕರು. “ಬರೀ ಆರು ಜನವಂತೆ? ನೋಡಿದ್ರಾ ನಮ್ಮ ಜನಾನ! ನಾನು ಹೇಳ್ತಾ ಇರಲ್ವಾ, ಬೆನ್ನುಮೂಳೆ ಇಲ್ಲ” ಅಂದರು. ಅವರ ಬೆನ್ನುಮೂಳೆ ಮಾತ್ರ ನೆಟ್ಟಗಿತ್ತು, ದಿನಾ ವಾಕಿಂಗ್ ಮಾಡುತ್ತಾರಲ್ಲ. ವಾರವಿಡೀ ನಮ್ಮನೆಯವರು ರಟ್ಟುಗಳಿಗೆ ಹೊಸ ಹೊಸ ಉಪಯೋಗ ಕಂಡುಹಿಡಿದರು. ನಾನು ನೋಡುತ್ತಾ ಸುಮ್ಮನಿದ್ದೆ. ನಾನು ಸುಮ್ಮನಿದ್ದರೆ ಅವರಿಗೆ ಭಯ.

ಭಾನುವಾರ ಬೆಳಿಗ್ಗೆ ಬೇಗ ತಿಂಡಿ ಮುಗಿಸಿ, ಎಣ್ಣೆ ಕುಡಿದ ಜಾಡಿಯ ರಟ್ಟನ್ನೂ ಮೆಷಿನ್ನಿನ ಕಾಲಡಿಯದನ್ನೂ ಬಿಟ್ಟು ಉಳಿದವನ್ನೆಲ್ಲ ಒಟ್ಟುಮಾಡಿ ಹಗ್ಗ ಹಾಕಿ ಕಟ್ಟಿದೆ. ತೊಡೆಯ ಮೇಲಿನದನ್ನು ಕೇಳಲಿಲ್ಲ. ಅವರು ಪದಬಂಧದಲ್ಲಿದ್ದರು. ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತು, “ಭದ್ರಾವತಿಗೆ ಹೋಗ್ತೀನಿ” ಅಂದೆ.

ಪೆನ್ನು ನಿಂತಿತು. “ಥೂ, ಹೊರಡೋವಾಗ ಹಂಗಂತಾರೇನೇ? ಬರ್ತೀನಿ ಅನ್ನು.”

“ಹೋಗ್ತೀನಿ” ಎಂದು ಮತ್ತೊಮ್ಮೆ ಅಂದು ಮೆಟ್ಟಿಲಿಳಿದೆ.

“ಸುಮಿತ್ರಾ... ತಡಿಯೇ. ಬಂದೆ.”

ಗೇಟಿನ ಹತ್ತಿರ ನಿಂತೆ. ಯಾವ ಕಾಲದ “ಬಂದೆ” ಎಂದು ಗೊತ್ತಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಇನ್ನೇನು ಗೇಟು ತೆಗೆಯಬೇಕು, ಹಿಂದೆ ಬಾಗಿಲು ಎಳೆದುಕೊಂಡ ಸದ್ದು, ಬೀಗದ ಸದ್ದು. ಅವರು ಶರಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು. ಕಂಕುಳಲ್ಲಿ ಪದಬಂಧದ ರಟ್ಟಿತ್ತು. ಬರಹ ಒಳಗಾಗಿ, ಮಿಕ್ಸಿಯ ಚಿತ್ರ ಬೀದಿಗೆ ಕಾಣುವ ಹಾಗೆ ಜಾಣತನದಿಂದ ಹಿಡಿದಿದ್ದರು. ನಾನು ನೋಡಿಯೂ ನೋಡದವಳಂತಿದ್ದೆ. ಅಷ್ಟಾದರೂ ಬಂತಲ್ಲ.

ಎದುರುಮನೆಯ ಗೇಟಿನಲ್ಲಿ ನರಹರಿರಾಯರು ಪತ್ರಿಕೆ ಹಿಡಿದು ನಿಂತಿದ್ದರು.

“ಓಹೋ, ಜೋಡಿಯಾಗಿ ಹೊರಟ್ರಿ! ಏನ್ರೀ, ಹೊಸಾ ಮಿಕ್ಸಿ ತಗೊಂಡ್ರಾ?”

ನಮ್ಮನೆಯವರು ನಿಂತರು. ನನ್ನ ಮುಖ ನೋಡಲಿಲ್ಲ. ಕಂಕುಳಿನಿಂದ ರಟ್ಟನ್ನು ತೆಗೆದು, ತಿರುಗಿಸಿ, ನಡು ಬೀದಿಯಲ್ಲಿ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡರು. ‘ನನ್ನ ಊರು, ನನ್ನ ಓಟು’ ಎಂಬ ನೀಲಿ ಅಕ್ಷರದ ಮೇಲೆ ಪದಬಂಧದ ಪೆನ್ನಿನ ಗೀಟುಗಳು ಬಿದ್ದಿದ್ದವು.

“ಭದ್ರಾವತೀಲಿ ಕೂತ್ಕೊತಾರಂತೆ. ಹೊರಟ್ವಿ. ಬರ್ತೀರಾ ರಾಯರೇ?” ಅಂದರು.

ರಾಯರು ರಟ್ಟನ್ನು ಓದಿದರು. ಬೀದಿಯ ಆಚೆ ಈಚೆ ನೋಡಿದರು.

“ಭೇಷ್, ಭೇಷ್. ನೀವು ನಡೀತಾ ಇರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ” ಎಂದವರೇ ಒಳಗೆ ಹೋದರು.

ನಾವು ಕಾಯಲಿಲ್ಲ. ತಂಗಮಣಿ ಹತ್ತು ಗಂಟೆ ಅಂದಿದ್ದಳು.